ನೀರಿಲ್ಲದ ಬಂದರು

ಬಂದರನ್ನು ನಿರ್ಮಿಸುವವರು ಯಾರು? ಕಟ್ಟೆಯನ್ನು ಕಟ್ಟಿದ ಕುಶಲಕರ್ಮಿ, ಭಾರವೆತ್ತುವ ಯಂತ್ರವನ್ನು ನಿಲ್ಲಿಸಿದ ಎಂಜಿನಿಯರು ಎಂದು ಉತ್ತರಿಸುವುದು ವಾಡಿಕೆ. ಆದರೆ ಬಂದರಿನ ಮೊದಲ ನಿರ್ಮಾತೃ ನೀರು. ಆ ನೀರನ್ನು ತಂದೊಪ್ಪಿಸುವ ನದಿ. ಮಧ್ಯ ಏಷ್ಯದ ಕಜಕಸ್ತಾನದಲ್ಲಿರುವ ಅರಾಲ್ಸ್ಕ್ ಎಂಬ ಪುಟ್ಟ ಪಟ್ಟಣದ ಇತಿಹಾಸ ಈ ಮಾತಿಗೆ ಸಾಕ್ಷಿ.

ಅರಾಲ್ಸ್ಕ್, ಅರಾಲ್ ಸರೋವರದ ಉತ್ತರ ತೀರದಲ್ಲಿ ಬೆಳೆದ ಊರು. ಅಮು ದರ್ಯಾ ಮತ್ತು ಸಿರ್ ದರ್ಯಾ ಎಂಬ ಎರಡು ಮಹಾನದಿಗಳು ತುಂಬುತ್ತಿದ್ದ ಈ ಸರೋವರವು 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ವಿಸ್ತಾರವಾಗಿದ್ದು, ಜಗತ್ತಿನ ಸರೋವರಗಳಲ್ಲಿ ನಾಲ್ಕನೆಯದೆನಿಸಿತ್ತು. ಜನ ಅದನ್ನು ಸಮುದ್ರವೆಂದೇ ಕರೆಯುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ಒರೆನ್‌ಬರ್ಗ್ ಹಾಗೂ ತಾಷ್ಕೆಂಟ್ ನಗರಗಳನ್ನು ಕೂಡಿಸುವ ರೈಲುಮಾರ್ಗ ಈ ಊರಿನ ಮೂಲಕ ಹಾದುಹೋಯಿತು. ದೋಣಿಗಳು ತಂದ ಮೀನು ರೈಲನ್ನೇರಿ ದೂರದೂರದ ನಗರಗಳನ್ನು ಸೇರತೊಡಗಿತು. 1921ರಲ್ಲಿ ವೋಲ್ಗಾ ಪ್ರಾಂತದಲ್ಲಿ ಭೀಕರ ಕ್ಷಾಮ ತಲೆದೋರಿದಾಗ ಲೆನಿನ್ ಅರಾಲಿನ ಬೆಸ್ತರಿಗೆ ಪತ್ರ ಬರೆದು ನೆರವು ಬೇಡಿದನು. ಬೆಸ್ತರು 14 ವ್ಯಾಗನ್ನುಗಳ ತುಂಬ ಮೀನನ್ನು ಕಳುಹಿಸಿಕೊಟ್ಟರು. ಪಟ್ಟಣದ ರೈಲು ನಿಲ್ದಾಣದ ಗೋಡೆಯ ಮೇಲೆ ಆ ಔದಾರ್ಯವು ಚಿತ್ರವಾಗಿ ಉಳಿದಿದೆ.

1960ರ ಅನಂತರ ಕಾಲ ಬದಲಾಯಿತು. ಹತ್ತಿ ಮತ್ತು ಭತ್ತದ ಬೇಸಾಯಕ್ಕಾಗಿ ಸೋವಿಯತ್ ಸರ್ಕಾರ ಎರಡೂ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿತು. ಸರೋವರದಲ್ಲಿ ಆವಿಯಾಗುವ ನೀರಿಗಿಂತ ಹೊಲಕ್ಕೆ ಹರಿಯುವ ನೀರೇ ಲಾಭದಾಯಕವೆಂಬುದು ಯೋಜಕರ ಲೆಕ್ಕಾಚಾರ. ರೈತನಿಗೆ ನೀರು ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಾಲುವೆಗಳಲ್ಲಿ ಹರಿದ ನೀರೆಲ್ಲ ಹೊಲವನ್ನು ಮುಟ್ಟಲಿಲ್ಲ; ಬಹಳಷ್ಟು ದಾರಿಯಲ್ಲೇ ಮರಳಿನಲ್ಲಿ ಇಂಗಿಹೋಯಿತು. ಬೆಸ್ತನ ಬದುಕಂತೂ ಆ ಲೆಕ್ಕದ ಪುಸ್ತಕದಲ್ಲಿ ಸೇರಲೇ ಇಲ್ಲ.

ಸರೋವರ ವರ್ಷವರ್ಷವೂ ಹಿಂದೆ ಸರಿಯಿತು. ಉಳಿದ ನೀರು ಉಪ್ಪಾಗಿ ಮೀನುಗಳು ಅಳಿದವು. ಬಂದರು ಬತ್ತಿತು, ಹಡಗುಗಳು ಮರಳಿನಲ್ಲಿ ಹೂತು ತುಕ್ಕು ಹಿಡಿದವು. ಕಾರ್ಖಾನೆಯ ಕೆಲಸಗಾರರಿಗೆ ಉದ್ಯೋಗ ಉಳಿಸಲು ದೂರದ ಸಾಗರಗಳ ಮೀನನ್ನು ರೈಲಿನಲ್ಲಿ ಅಲ್ಲಿಗೆ ತರಿಸಬೇಕಾಯಿತು. ಕ್ಷಾಮಪೀಡಿತರಿಗೆ ಮೀನು ಕಳುಹಿಸಿದ ಊರು, ಅದೇ ಹಳಿಯ ಮೇಲೆ ಬರುವ ಮೀನಿಗಾಗಿ ಕಾಯುವಂತಾದುದು ವಿಧಿಯ ಆಟವಲ್ಲ. ಮಾನವನ ಅವಿವೇಕದ ಫಲ.

2005ರಲ್ಲಿ ಕೊಕ್ ಅರಾಲ್ ಎಂಬಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಸಿರ್ ದರ್ಯಾ ತರುವ ನೀರನ್ನು ಅದು ಸರೋವರದ ಉತ್ತರ ಭಾಗದಲ್ಲಿ ತಡೆದು ನಿಲ್ಲಿಸಿತು. ಅಲ್ಲಿ ನೀರಿನ ಮಟ್ಟ ಏರಿತು, ಉಪ್ಪು ತಗ್ಗಿತು, ಮೀನುಗಳು ಮರಳಿದವು. ಬೆಸ್ತರು ಮತ್ತೆ ಬಲೆ ಬೀಸಿದರು. ಆದರೂ ಅಲೆಗಳು ಹಳೆಯ ಬಂದರಿನ ಕಟ್ಟೆಯನ್ನು ಇನ್ನೂ ಮುಟ್ಟಿಲ್ಲ.

ಮಾನವನು ಕೆಡಿಸಿದುದನ್ನು ಮಾನವನೇ ಸರಿಪಡಿಸಬಲ್ಲನು ಎಂಬ ಭರವಸೆಯನ್ನು ಈ ಅಣೆಕಟ್ಟು ನೀಡುತ್ತದೆ. ಆದರೆ ಕೆಡಿಸಿದಷ್ಟನ್ನೂ ಸರಿಪಡಿಸಲಾಗದು ಎಂಬ ಎಚ್ಚರಿಕೆಯನ್ನು ಬತ್ತಿದ ಬಂದರು ನೀಡುತ್ತದೆ. ನದಿಯ ನೀರನ್ನು ಹಂಚುವವರು ಹೊಲವನ್ನು ನೆನೆಯುವಂತೆಯೇ, ನದಿ ಕೊನೆಗೆ ಸೇರುವ ತಾಣವನ್ನೂ ಅಲ್ಲಿ ಬದುಕುವವರನ್ನೂ ನೆನೆಯಬೇಕು.