ಕೊಯ್ದು ಕಳಿಸಿದರೆ ಮುಗಿಯಿತೆ?

ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಗಂಡಹೆಂಡಿರು ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ. ಕರ್ನಾಟಕದ ಗದ್ದೆಗಳಿಗೂ ಬರುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ಮುಕಾದಮನಿಗೆ ದಂಡ ತೆರಬೇಕು. ಮುಟ್ಟಿನ ನೋವಿಗೆ ರಜೆಯಿಲ್ಲ. 2019ರಲ್ಲಿ ಅಲ್ಲಿನ ಸರಕಾರವೇ ನಡೆಸಿದ ತನಿಖೆಯಲ್ಲಿ ಈ ಕೂಲಿ ಹೆಂಗಸರ ಪೈಕಿ 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡದ್ದು ಬಯಲಾಯಿತು. ಅನೇಕರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ.

ಕೊಯ್ದವರು ಹಣ ಎಣಿಸಿಕೊಂಡರು. ಆ ಹೆಂಗಸಿನ ಮುಂದಿನ ಗತಿ? ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಒಮ್ಮೆಗೇ ಬತ್ತುತ್ತದೆ. ಮೈಯೆಲ್ಲ ಉರಿ, ರಾತ್ರಿ ಬೆವರು, ನಿದ್ದೆಗೇಡು. ಬರಬರುತ್ತ ಮೂಳೆ ಸವೆತ, ಹೃದಯರೋಗದ ಭಯ. ಇಂಥ ಎಳೆಯ ವಯಸ್ಸಿನವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಕೂಲಿಯವಳಿಗೆ ಅದನ್ನು ಹೇಳಿದವರು ಯಾರು?

"ಹಾರ್ಮೋನಿನಿಂದ ಕ್ಯಾನ್ಸರ್ ಬರುತ್ತದೆ" ಎಂಬುದೊಂದು ನೆಪ. 2002ರಲ್ಲಿ ಅಮೆರಿಕದಲ್ಲಿ 16,608 ಹೆಂಗಸರ ಮೇಲಿನ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದ್ದು ನಿಜ. ಎರಡು ಹಾರ್ಮೋನು ಕೂಡಿಸಿ ಕೊಟ್ಟಾಗ ವರ್ಷಕ್ಕೆ 10,000 ಮಂದಿಯಲ್ಲಿ 8 ಸ್ತನದ ಕ್ಯಾನ್ಸರ್ ಹೆಚ್ಚಾಯಿತು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63! ಗರ್ಭಕೋಶವಿಲ್ಲದವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟ ಇನ್ನೊಂದು ಪರೀಕ್ಷೆ, ಪಾರ್ಶ್ವವಾಯು ಹೆಚ್ಚಿತೆಂದು 2004ರಲ್ಲಿ ನಿಂತಿತು. ಅಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚಲಿಲ್ಲ. ಮುದುಕಿಯರ ಲೆಕ್ಕವನ್ನು ಮೂವತ್ತೈದರ ಕೂಲಿಗಾರಳ ತಲೆಗೆ ಕಟ್ಟುವುದು ಯಾವ ನ್ಯಾಯ?

ಮದ್ದು ಅಮೃತವಲ್ಲ, ವಿಷವೂ ಅಲ್ಲ. ಗರ್ಭಕೋಶವಿಲ್ಲದವಳಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು. ಇದ್ದವಳಿಗೆ ಪ್ರೊಜೆಸ್ಟೊಜೆನ್ ಜೊತೆಗಿರಬೇಕು, ಇಲ್ಲವಾದರೆ ಗರ್ಭಕೋಶದ ಕ್ಯಾನ್ಸರಿನ ಅಪಾಯ. ಗುಳಿಗೆಯುಂಟು, ಚರ್ಮಕ್ಕೆ ಹಚ್ಚುವ ಜೆಲ್ ಉಂಟು, ಅಂಟಿಸುವ ಪಟ್ಟಿಯುಂಟು. ಚರ್ಮದ ಮೂಲಕ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಸ್ತನದ ಕ್ಯಾನ್ಸರ್ ಆದವರಿಗೆ ಬೇರೆ ಮದ್ದೇ ಹುಡುಕಬೇಕು. ಇದನ್ನೆಲ್ಲ ತೂಗಿ ನೋಡುವುದು ಡಾಕ್ಟರ ಕರ್ತವ್ಯ. ತೂಗಿಸಿಕೊಳ್ಳುವುದು ಹೆಂಗಸಿನ ಹಕ್ಕು.

ಗಿರಣಿಯ ಗೆಳೆಯರೇ, ಅಂಗಡಿಯ ಅಣ್ಣಂದಿರೇ! ಹೆಂಗಸರ ಗುಟ್ಟೆಂದು ಮುಖ ತಿರುಗಿಸಬೇಡಿ. ನಾಳೆ ನಿಮ್ಮ ಮನೆಯವಳಿಗೂ ಯಾರಾದರೂ "ತೆಗೆಸಿಬಿಡಿ" ಎಂದಾರು. ಆಗ ಕೇಳಿ: ಏಕೆ ತೆಗೆಯಬೇಕು? ಅಂಡಾಶಯ ಉಳಿಯುವುದೆ? ಮುಂದಿನ ಮದ್ದು ಕೊಡುವವರಾರು? ಸರಕಾರವನ್ನೂ ಕೇಳೋಣ: ಕೊಯ್ದು ತೆಗೆದದ್ದೇನೆಂದು ರೋಗಿಯ ಭಾಷೆಯಲ್ಲೇ ಬರೆದು ಕೊಡಲಿ; ಬೇಕಾದವರಿಗೆ ಈ ಮದ್ದು ಸರಕಾರಿ ಆಸ್ಪತ್ರೆಯಲ್ಲಿ, ಇ.ಎಸ್.ಐ. ದವಾಖಾನೆಯಲ್ಲಿ ಬಿಟ್ಟಿಯಾಗಿ ಸಿಗಲಿ. ದುಡಿಮೆಗಾಗಿ ದೇಹವನ್ನೇ ಕೊಯ್ಯಿಸಿಕೊಂಡವಳಿಗೆ ಸಮಾಜ ತೀರಿಸಬೇಕಾದ ಸಾಲವಿದು, ದಾನವಲ್ಲ.