ಬೈಕ್ ಸವಾರನ ಕಿವಿಗೂ ಕಾವಲು ಬೇಕು

ಮೋಟಾರ್ ಸೈಕಲ್ ಇಂದು ಹಳ್ಳಿಯಲ್ಲಿ ಶೋಕಿಯ ವಸ್ತುವಾಗಿ ಉಳಿದಿಲ್ಲ. ನೇಗಿಲು, ಪಂಪ್‌ಸೆಟ್ಟುಗಳಂತೆ ಅದೂ ಬೇಸಾಯದ ಒಂದು ಸಾಧನವಾಗಿದೆ. ಬೆಳಗಿನ ಹಾಲು ಡೇರಿಗೆ ಹೋಗುವುದು ಅದರ ಮೇಲೆ. ಗೊಬ್ಬರದ ಚೀಲ ಮನೆಗೆ ಬರುವುದೂ ಅದರ ಮೇಲೆಯೇ. ಮಾರುಕಟ್ಟೆ, ಬ್ಯಾಂಕು, ತಾಲ್ಲೂಕು ಕಚೇರಿ, ಆಸ್ಪತ್ರೆ ಎಲ್ಲಕ್ಕೂ ಅದೇ ಬೇಕು. ಈ ಓಡಾಟದಲ್ಲಿ ನಾವು ಪೆಟ್ರೋಲಿನ ಲೆಕ್ಕ ಹಾಕುತ್ತೇವೆ, ಟೈರಿನ ಸವೆತ ನೋಡುತ್ತೇವೆ. ಸವಾರನ ಕಿವಿಯ ಸವೆತವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೈರು ಸವೆದರೆ ಅಂಗಡಿಯಿಂದ ಹೊಸದನ್ನು ತರಬಹುದು. ಕಿವಿ ಸವೆದರೆ ಎಲ್ಲಿಂದ ತರುವುದು?

ಗಾಳಿಯ ಮೊರೆತ

ಕಿವಿಗೆ ಕೇಡು ಮಾಡುವುದು ಎಂಜಿನ್ನಿನ ಸದ್ದು ಎಂದು ಬಹುಮಂದಿ ನಂಬಿದ್ದಾರೆ. ಸೈಲೆನ್ಸರ್ ಕಿತ್ತು ಊರೆಲ್ಲ ಗುಡುಗಿಸುವ ಹುಡುಗರ ಮಾತು ಬೇರೆ. ಅದು ಕಾನೂನಿಗೆ ವಿರುದ್ಧ, ನೆರೆಹೊರೆಗೂ ಹಿಂಸೆ. ಆದರೆ ಸೈಲೆನ್ಸರ್ ಸರಿಯಾಗಿರುವ ಬೈಕಿನಲ್ಲಿ, ವೇಗ ಗಂಟೆಗೆ ಸುಮಾರು 65 ಕಿಲೋಮೀಟರ್ ದಾಟಿತೆಂದರೆ, ಸವಾರನ ಕಿವಿಗೆ ಎಂಜಿನ್ನಿಗಿಂತ ಗಾಳಿಯ ಮೊರೆತವೇ ದೊಡ್ಡದಾಗುತ್ತದೆ. ಗಾಳಿ ತಲೆಗೆ, ಹೆಲ್ಮೆಟ್ಟಿನ ಅಂಚಿಗೆ, ಗದ್ದದ ಕೆಳಗಿನ ಸಂದಿಗೆ ಬಡಿದು ಸುಳಿಯಾಗುತ್ತದೆ. ಆ ಸುಳಿಯೇ ಸದ್ದು.

ಈ ಸದ್ದಿಗೆ ಒಂದು ವಿಶೇಷವಿದೆ. ಕೆಟ್ಟ ಸೈಲೆನ್ಸರಿನ ಸದ್ದು ಊರಿಗೆಲ್ಲ ಕೇಳುತ್ತದೆ, ಯಾರಾದರೂ ಗದರುತ್ತಾರೆ. ಗಾಳಿಯ ಮೊರೆತ ಸವಾರನೊಬ್ಬನಿಗೇ ಕೇಳುವಂಥದ್ದು. ಆದ್ದರಿಂದ ಯಾರೂ ದೂರುವುದಿಲ್ಲ. ಅವನೂ ನಾಲ್ಕು ದಿನದಲ್ಲಿ ಅದಕ್ಕೆ ಒಗ್ಗಿಹೋಗುತ್ತಾನೆ. ಮನಸ್ಸು ಒಗ್ಗಿತೆಂದ ಮಾತ್ರಕ್ಕೆ ಕಿವಿ ಒಗ್ಗಿತೆಂದು ತಿಳಿಯಬಾರದು.

ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಕೋಶಗಳಿವೆ. ಒಂದೊಂದು ಕಿವಿಯಲ್ಲಿ ಇವು ಸುಮಾರು 15 ಸಾವಿರ. ಸದ್ದನ್ನು ಹಿಡಿದು ಮಿದುಳಿಗೆ ಮುಟ್ಟಿಸುವ ಕೆಲಸ ಇವುಗಳದು. ಅತಿ ಸದ್ದಿಗೆ ಇವು ಬಾಗುತ್ತವೆ, ದಣಿಯುತ್ತವೆ, ಕೊನೆಗೆ ಸಾಯುತ್ತವೆ. ಕೊಯ್ದ ರಾಗಿ ಪೈರಿನ ಕೂಳೆಯಾದರೂ ಒಮ್ಮೊಮ್ಮೆ ಚಿಗುರೀತು, ಮನುಷ್ಯನ ಕಿವಿಯ ಈ ಕೋಶಗಳು ಮತ್ತೆ ಚಿಗುರುವುದಿಲ್ಲ.

ಕಿವಿಯ ದಿನದ ಲೆಕ್ಕ

ಸದ್ದನ್ನು ಅಳೆಯುವ ಮಾನ ಡೆಸಿಬಲ್. ಇದರಲ್ಲಿ 3 ಹೆಚ್ಚಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 1998ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. 88 ಆದರೆ 4 ಗಂಟೆ, 91 ಆದರೆ 2 ಗಂಟೆ, 94 ಆದರೆ 1 ಗಂಟೆ. 100 ಮುಟ್ಟಿದರೆ ಬರೀ 15 ನಿಮಿಷ.

ಈಗ ನಮ್ಮ ರೈತನ ಒಂದು ದಿನವನ್ನು ನೋಡಿ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಮೇಲೆ ಕುಳಿತವನ ಕಿವಿಗೆ 90 ಡೆಸಿಬಲ್ ಆಸುಪಾಸಿನ ಸದ್ದು ಬೀಳುತ್ತದೆ. ಹೆಲ್ಮೆಟ್ ಹಾಕಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕ್ ಸವಾರನ ಕಿವಿಗೂ ಹೆಚ್ಚುಕಡಿಮೆ ಅಷ್ಟೇ. 90 ಡೆಸಿಬಲ್ಲಿಗೆ ದಿನದ ಮಿತಿ ಸುಮಾರು ಎರಡೂವರೆ ಗಂಟೆ. ಬೆಳಿಗ್ಗೆ ಎರಡು ಗಂಟೆ ಉಳುಮೆ ಮಾಡಿ, ಆಮೇಲೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಹೋಗಿಬಂದರೆ, ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ, ಒಟ್ಟು ಮೂರು ಗಂಟೆಯಾಯಿತು. ಅಂದಿನ ಲೆಕ್ಕದಲ್ಲಿ ಅರ್ಧ ಗಂಟೆ ಸಾಲ ಬಿದ್ದಂತೆಯೇ. ತೋಟದಲ್ಲಿ ಕಳೆ ಕೊಚ್ಚುವ ಯಂತ್ರ ಹಿಡಿದವರಿಗೆ ಈ ಸಾಲ ಇನ್ನೂ ಬೇಗ ಏರುತ್ತದೆ. ಆ ಯಂತ್ರದ ಸದ್ದು 100 ಡೆಸಿಬಲ್ ಮುಟ್ಟುವುದುಂಟು. ಸದ್ದು ಟ್ರ್ಯಾಕ್ಟರಿನದೋ ಗಾಳಿಯದೋ ಎಂದು ಕಿವಿ ಕೇಳುವುದಿಲ್ಲ, ಎಲ್ಲವನ್ನೂ ಒಂದೇ ಖಾತೆಗೆ ಬರೆದುಕೊಳ್ಳುತ್ತದೆ. ಹನಿಹನಿ ಗೂಡಿದರೆ ಹಳ್ಳ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಕಿವುಡು ಒಂದೇ ದಿನ ಬರುವುದಿಲ್ಲ. ಮೊದಲು ಹೋಗುವುದು ಎಳೆಯ, ಕೀರಲು ದನಿಗಳು. ಮಕ್ಕಳ ಮಾತು, ಹೆಂಗಸರ ಮಾತು ಅಸ್ಪಷ್ಟವಾಗುತ್ತದೆ. ಸ, ಶ, ಚ ಅಕ್ಷರಗಳು ತಪ್ಪುತ್ತವೆ. ರಾತ್ರಿ ಮಲಗಿದಾಗ ಕಿವಿಯೊಳಗೆ ಜೀರುಂಡೆ ಕೂಗಿದಂತೆ ಸದ್ದು ಬರುತ್ತದೆ. ಹುಲ್ಲಿನಲ್ಲಿ ಹಾವು ಸರಿದದ್ದು ಕೇಳುವುದಿಲ್ಲ. ಮೋಟಾರಿನ ಬೇರಿಂಗ್ ಕೆಟ್ಟ ಸದ್ದು ಬೇರೆಯವರು ಹೇಳಿದ ಮೇಲೆ ತಿಳಿಯುತ್ತದೆ. ಮನೆಯವರು ‘ಅಪ್ಪನಿಗೆ ಗಮನವೇ ಇಲ್ಲ’ ಎನ್ನುತ್ತಾರೆ. ಗಮನವಿದೆ, ಕೇಳುವ ಶಕ್ತಿ ಹೋಗಿದೆ.

ಹೆಲ್ಮೆಟ್ಟಿನ ಮೇಲಿನ ಅಪವಾದ

‘ಹೆಲ್ಮೆಟ್ ಹಾಕಿದರೆ ಹಿಂದಿನ ಲಾರಿಯ ಹಾರನ್ ಕೇಳುವುದಿಲ್ಲ’ ಎಂಬುದು ಅರಳಿಕಟ್ಟೆಯಲ್ಲಿ ಬಲವಾಗಿ ಬೇರೂರಿರುವ ಮಾತು. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಮಂದಿ ಸವಾರರನ್ನು ಬರಿದಲೆಯಲ್ಲಿ, ಅರ್ಧ ಹೆಲ್ಮೆಟ್ಟಿನಲ್ಲಿ, ಪೂರ್ತಿ ಹೆಲ್ಮೆಟ್ಟಿನಲ್ಲಿ ಓಡಿಸಿ ಹಾರನ್ ಕೇಳಿಸಲಾಯಿತು. ಮೂರು ಬಗೆಯಲ್ಲೂ ಕೇಳುವ ಶಕ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ವೇಗದಿಂದ. ವೇಗ ಹೆಚ್ಚಿದಾಗ ಹಾರನ್ ಇನ್ನೂ ಜೋರಾಗಿ ಹೊಡೆಯಬೇಕಾಯಿತು. ಅಂದರೆ ಹಾರನ್ನಿನ ಸದ್ದನ್ನು ನುಂಗುವುದು ಗಾಳಿ, ಹೆಲ್ಮೆಟ್ಟಲ್ಲ.

ಆದರೆ ಒಂದು ನಿಜವನ್ನು ಮುಚ್ಚಿಡಬಾರದು. ಹೆಲ್ಮೆಟ್ ತಲೆಯನ್ನು ಉಳಿಸುತ್ತದೆ, ಕಿವಿಯನ್ನು ಪೂರ್ತಿ ಉಳಿಸುವುದಿಲ್ಲ. ಗಾಳಿಯ ಗುಡುಗಿನಂಥ ದಪ್ಪ ಸದ್ದನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಆದ್ದರಿಂದ ಹೆಲ್ಮೆಟ್ ಬಿಡುವುದು ಮದ್ದಲ್ಲ, ಅದರ ಜೊತೆಗೆ ಇನ್ನೆರಡು ಕ್ರಮ ಕೈಗೊಳ್ಳುವುದೇ ಮದ್ದು.

ರೈತ ಬಾಂಧವರು ಮಾಡಬೇಕಾದ್ದು

ಮೊದಲನೆಯದು ವೇಗ ತಗ್ಗಿಸುವುದು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ವೇಗ ಸ್ವಲ್ಪ ಏರಿದರೂ ಗಾಳಿಯ ಸದ್ದು ಬಹಳ ಏರುತ್ತದೆ. 40 ಕಿಲೋಮೀಟರ್ ದಾರಿಯನ್ನು 80ರ ವೇಗದಲ್ಲಿ ಹೋದರೆ 30 ನಿಮಿಷ, 60ರಲ್ಲಿ ಹೋದರೆ 40 ನಿಮಿಷ. ಹತ್ತು ನಿಮಿಷ ಬಿಟ್ಟುಕೊಟ್ಟರೆ ಕಿವಿಯೂ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಎರಡನೆಯದು ಸರಿಯಾದ ಹೆಲ್ಮೆಟ್. ಐ.ಎಸ್.ಐ. ಗುರುತಿರುವ, ಗದ್ದ ಮುಚ್ಚುವ ಪೂರ್ತಿ ಹೆಲ್ಮೆಟ್ ಕೊಳ್ಳಿ. ಕೆನ್ನೆಗೆ ಬಿಗಿಯಾಗಿ ಕೂಡಬೇಕು, ತಲೆ ಆಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲುಗಬಾರದು. ಪಟ್ಟಿ ಕಟ್ಟಿ, ಮುಂದಿನ ಗಾಜು ಇಳಿಸಿ. ಸಡಿಲವಾಗಿ ಗಡಗಡ ಅನ್ನುವ ಗಾಜನ್ನು ಬದಲಾಯಿಸಿ. ಗಾಳಿ ಹೆಚ್ಚಾಗಿ ನುಗ್ಗುವುದು ಗದ್ದದ ಕೆಳಗಿನಿಂದ. ಕೊರಳಿಗೆ ಟವೆಲ್ ಸುತ್ತಿ ತುದಿಯನ್ನು ಅಂಗಿಯೊಳಗೆ ಸೇರಿಸಿದರೆ ಸದ್ದು ತಗ್ಗುತ್ತದೆ. ಟವೆಲ್ಲಿನ ತುದಿಯಾಗಲಿ ಹಿಂದೆ ಕುಳಿತವರ ಸೀರೆಯ ಸೆರಗಾಗಲಿ ಚಕ್ರದ ಕಡೆ ಹಾರಾಡದಂತೆ ಎಚ್ಚರ ವಹಿಸಿ. ಬೈಕಿಗೆ ಮುಂದೆ ಗಾಳಿ ತಡೆಯುವ ಗಾಜು ಹಾಕಿಸುವವರು, ಅದರ ಮೇಲಂಚಿನಿಂದ ಚಿಮ್ಮುವ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿಯುತ್ತದೆಯೇ ನೋಡಿಕೊಳ್ಳಬೇಕು. ಹಾಗೆ ಬಡಿದರೆ ಸದ್ದು ತಗ್ಗುವ ಬದಲು ಹೆಚ್ಚುತ್ತದೆ.

ಮೂರನೆಯದು ಕಿವಿಗೆ ಹಾಕುವ ಸ್ಪಂಜಿನ ಬಿರಡೆ. ಔಷಧಿ ಅಂಗಡಿಯಲ್ಲಿ ಇಯರ್‌ಪ್ಲಗ್ ಎಂದು ಕೇಳಿದರೆ ಕೊಡುತ್ತಾರೆ, ಬೆಲೆ ಅಗ್ಗ. ಶುಚಿಯಾದ ಕೈಯಿಂದ ಅದನ್ನು ಬತ್ತಿಯಂತೆ ಹೊಸೆದು ಸಣ್ಣದು ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಬಿರಡೆಯನ್ನು ಒಳಗಿಡಿ. ಅದು ಅರಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಔಷಧ ಸಿಂಪಡಿಸಿದ ಕೈ, ಗ್ರೀಸ್ ಮೆತ್ತಿದ ಕೈಯಿಂದ ಮುಟ್ಟಲೇಬಾರದು. ಕೊಳೆಯಾದದ್ದನ್ನು, ಗಟ್ಟಿಯಾದದ್ದನ್ನು ಎಸೆಯಿರಿ. ಹತ್ತಿ ತುರುಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮೊಬೈಲ್ ಇಯರ್‌ಫೋನ್ ಇದಕ್ಕೆ ಬದಲಿಯಲ್ಲ. ಗಾಳಿಯನ್ನು ಮೀರಿಸಲು ಹಾಡಿನ ದನಿ ಏರಿಸಿದರೆ ಗಾಯದ ಮೇಲೆ ಬರೆ ಎಳೆದಂತೆ, ಗಮನವೂ ರಸ್ತೆಯಿಂದ ತಪ್ಪುತ್ತದೆ.

ಬಿರಡೆ ಹಾಕಿದರೆ ಪೂರ್ತಿ ಕಿವುಡಾಗುವುದಿಲ್ಲ. ಗಾಳಿಯೂ ಹಾರನ್ನೂ ಎರಡೂ ತಗ್ಗುತ್ತವೆ, ಹಾರನ್ ಕೇಳುತ್ತಲೇ ಇರುತ್ತದೆ. ಆದರೂ ಕನ್ನಡಿ ನೋಡುವ ಅಭ್ಯಾಸ ಬಿಡಬಾರದು. ಊರೊಳಗಿನ ನಿಧಾನ ಸವಾರಿಗೆ ಬಿರಡೆ ಬೇಡ, ಹೆದ್ದಾರಿಯ ದೂರದ ಪ್ರಯಾಣಕ್ಕೆ ಇರಲಿ. ಕಿವಿ ಸೋರುವವರು, ಈಗಾಗಲೇ ಕಿವಿ ಮಂದವಾದವರು ವೈದ್ಯರನ್ನು ಕೇಳದೆ ಹಾಕಬಾರದು. ಅದೇ ಬಿರಡೆ ಟ್ರ್ಯಾಕ್ಟರ್, ಟಿಲ್ಲರ್, ಒಕ್ಕಣೆ ಯಂತ್ರದ ಬಳಿಯೂ ಉಪಯೋಗಕ್ಕೆ ಬರುತ್ತದೆ. ಒಂದು ತೋಳಿನ ದೂರದಲ್ಲಿರುವವನಿಗೆ ಕೂಗಿ ಹೇಳಬೇಕಾಗಿದೆ ಎಂದರೆ ಅಲ್ಲಿ ಕಿವಿಗೆ ಕಾವಲು ಬೇಕು ಎಂದೇ ಅರ್ಥ.

ಸಂಘಗಳೂ ಮನಸ್ಸು ಮಾಡಲಿ

ಬರೀ ರೈತನಿಗೆ ಬುದ್ಧಿ ಹೇಳಿದರೆ ಸಾಲದು. ಗೊಬ್ಬರ, ಬೀಜ, ಟಾರ್ಪಾಲು ಮಾರುವ ಸಹಕಾರ ಸಂಘಗಳು ಒಂದು ಡಬ್ಬಿ ಇಯರ್‌ಪ್ಲಗ್ಗನ್ನೂ ಇಡಬಾರದೇಕೆ? ಕೃಷಿ ಯಂತ್ರಧಾರೆ ಕೇಂದ್ರಗಳು ಯಂತ್ರವನ್ನು ಬಾಡಿಗೆಗೆ ಕೊಡುವಾಗ ಜೊತೆಯಲ್ಲಿ ಕಿವಿಮುಚ್ಚಿಗೆಯನ್ನೂ ಕೊಡಲಿ. ಹಾಲಿನ ಸಂಘದವರು ವರ್ಷಕ್ಕೊಮ್ಮೆ ಹಸುಗಳ ಆರೋಗ್ಯ ಶಿಬಿರ ನಡೆಸುವಂತೆ, ಹಾಲು ತರುವವರ ಕಿವಿ ತಪಾಸಣೆಯನ್ನೂ ನಡೆಸಲಿ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವೊಂದು ದೇಶದಲ್ಲಿದೆ. ವಾಕ್ ಮತ್ತು ಶ್ರವಣಕ್ಕೇ ಮೀಸಲಾದ ಅಖಿಲ ಭಾರತ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಕೇಳುವುದಕ್ಕೆ ನಾವು ಮುಂದಾಗಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವಿಲ್ಲ. ಮುಂದಿನ ಸಂತೆಗೆ ಹೊರಡುವಾಗ ಪೆಟ್ರೋಲ್ ನೋಡಿಕೊಳ್ಳುವಂತೆ ಹೆಲ್ಮೆಟ್ಟಿನ ಪಟ್ಟಿ ನೋಡಿಕೊಳ್ಳಿ, ಜೇಬಿನಲ್ಲಿ ಒಂದು ಜೊತೆ ಬಿರಡೆ ಇರಲಿ, ಹತ್ತು ನಿಮಿಷ ಮುಂಚೆ ಹೊರಡಿ. ಎಪ್ಪತ್ತರ ವಯಸ್ಸಿನಲ್ಲಿ ಮೊಮ್ಮಗು ಪಿಸುಮಾತಿನಲ್ಲಿ ಹೇಳಿದ ಗುಟ್ಟು ಕೇಳಬೇಕೆನ್ನುವವರು ಇಂದೇ ಈ ಕಾವಲು ಹಾಕಿಕೊಳ್ಳಬೇಕು.