ಲಸಿಕೆಗಳಿಗೆ ಹರಳಿನ ಕವಚ: ಶೀತಲ ಸರಪಳಿಗೆ ಪರ್ಯಾಯವಾಗಬಲ್ಲದೇ?

ಲಸಿಕೆ, ಇನ್ಸುಲಿನ್ ಮುಂತಾದ ಜೈವಿಕ ಔಷಧಿಗಳಿಗೆ ಶಾಖವೇ ಮುಖ್ಯ ಅಪಾಯವಾಗಿರುತ್ತದೆ. ಉಷ್ಣಾಂಶ ಹೆಚ್ಚಿದಲ್ಲಿ ಪ್ರೋಟೀನ್ ಅಣುವಿನ ಮಡಿಕೆಗಳು ಬಿಚ್ಚಿಕೊಂಡು ಔಷಧಿಯು ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬಹುತೇಕ ಲಸಿಕೆಗಳನ್ನು ತಯಾರಿಕಾ ಘಟಕದಿಂದ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇರಿಸಬೇಕಾಗುತ್ತದೆ. ವಿದ್ಯುತ್ ವ್ಯತ್ಯಯವಿರುವ ದೂರದ ಗ್ರಾಮಗಳಲ್ಲಿ ಈ ಶೀತಲ ಸರಪಳಿಯ ನಿರ್ವಹಣೆ ಸುಲಭವಲ್ಲ.

ಹೊಸ ವಿಧಾನ

2025ನೇ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಲೋಹ-ಸಾವಯವ ಚೌಕಟ್ಟುಗಳ ಸಂಶೋಧನೆಗಾಗಿ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಹಾಗೂ ಓಮರ್ ಯಾಘಿ ಅವರಿಗೆ ನೀಡಲಾಯಿತು. ಲೋಹದ ಅಯಾನುಗಳನ್ನು ಸಾವಯವ ಅಣುಗಳು ಪರಸ್ಪರ ಜೋಡಿಸಿ ನಿರ್ಮಿಸುವ ಈ ಹರಳುಗಳು ಸೂಕ್ಷ್ಮ ರಂಧ್ರಗಳಿಂದ ಕೂಡಿರುತ್ತವೆ.

ಇಂತಹ ಹರಳುಗಳನ್ನು ಪ್ರೋಟೀನಿನ ಸುತ್ತಲೂ ನೀರಿನಲ್ಲಿಯೇ ಬೆಳೆಸಬಹುದೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಜಿಂಕ್ ಹಾಗೂ ಮೀಥೈಲ್ ಇಮಿಡಜೋಲ್‌ನಿಂದಾದ 'ಜಿಫ್-8' ಎಂಬ ಕವಚದೊಳಗಿನ ಕಿಣ್ವವು ಕುದಿಯುವ ನೀರಿನಲ್ಲಿ ಇರಿಸಿದ ನಂತರವೂ ತನ್ನ ಕಾರ್ಯಶಕ್ತಿಯ ಬಹುಭಾಗವನ್ನು ಉಳಿಸಿಕೊಂಡಿತು. ಆಮ್ಲೀಯ ದ್ರಾವಣದಲ್ಲಿ ಈ ಕವಚವು ಕರಗಿ, ಒಳಗಿನ ಪ್ರೋಟೀನ್ ಬಿಡುಗಡೆಯಾಗುತ್ತದೆ.

ಮಿತಿಗಳು

ಒಂದೇ ಕವಚವು ಎಲ್ಲ ಪ್ರೋಟೀನುಗಳಿಗೂ ಹೊಂದುವುದಿಲ್ಲ. ಕ್ಯಾಟಲೇಸ್ ಎಂಬ ಕಿಣ್ವವು ಜಿಫ್-8ರೊಳಗೆ ನಿಷ್ಕ್ರಿಯಗೊಂಡಿದ್ದು, ನೀರಿನೊಡನೆ ಹೆಚ್ಚು ಹೊಂದಿಕೊಳ್ಳುವ ಬೇರೊಂದು ಹರಳಿನಲ್ಲಿ ಸಕ್ರಿಯವಾಗಿ ಉಳಿದಿದೆ. ರಕ್ತದಲ್ಲಿರುವ ಫಾಸ್ಫೇಟ್ ಕೂಡ ಜಿಫ್-8 ಕವಚವನ್ನು ಶಿಥಿಲಗೊಳಿಸಬಲ್ಲದು. ಕವಚ ಕರಗಿದಾಗ ಹೊರಬರುವ ಜಿಂಕ್ ಅಧಿಕ ಪ್ರಮಾಣದಲ್ಲಿದ್ದರೆ ಜೀವಕೋಶಗಳಿಗೆ ಹಾನಿಕಾರಕ. ಆದ್ದರಿಂದ ಕವಚವು ಶಾಖವನ್ನು ತಡೆದರಷ್ಟೇ ಸಾಲದು; ಅದು ದೇಹದೊಳಗೆ ಸುರಕ್ಷಿತವೆಂದು ಪ್ರತ್ಯೇಕವಾಗಿ ಸಾಬೀತಾಗಬೇಕಾಗಿದೆ. ಈ ದಿಸೆಯಲ್ಲಿನ ಸಂಶೋಧನೆಗಳು ಬಹುಮಟ್ಟಿಗೆ ಪ್ರಯೋಗಾಲಯ ಹಾಗೂ ಪ್ರಾಣಿಗಳ ಮೇಲಿನ ಅಧ್ಯಯನದ ಹಂತದಲ್ಲಿವೆ. ಭಾರತದಲ್ಲಿ ಯಾವುದೇ ಹೊಸ ಔಷಧಿಯು 2019ರ ಹೊಸ ಔಷಧಿಗಳು ಹಾಗೂ ಕ್ಲಿನಿಕಲ್ ಪ್ರಯೋಗಗಳ ನಿಯಮಗಳನ್ವಯ ಅನುಮೋದನೆ ಪಡೆಯತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

ಹೊಸ ಸಂಶೋಧನೆಯ ಸುದ್ದಿಯನ್ನು ಆಧರಿಸಿ ಈಗಿನ ಔಷಧಿಗಳ ಶೇಖರಣಾ ಕ್ರಮವನ್ನು ಬದಲಾಯಿಸಬಾರದು. ತೆರೆಯದ ಇನ್ಸುಲಿನ್ ಸೀಸೆಗಳನ್ನು ರೆಫ್ರಿಜರೇಟರಿನಲ್ಲಿ ಇರಿಸತಕ್ಕದ್ದು. ಆದರೆ ಹೆಪ್ಪುಗಟ್ಟಲು ಬಿಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ನಂತರವೂ ಬಳಕೆಗೆ ಯೋಗ್ಯವಲ್ಲ. ಬಳಕೆಯಲ್ಲಿರುವ ಸೀಸೆಯ ಬಗ್ಗೆ ಅದರ ಹೊದಿಕೆಯ ಮೇಲಿನ ಸೂಚನೆಗಳನ್ನು ಪಾಲಿಸುವುದು. ಸಂದೇಹವಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.